ರೋಮನ್ ಅಂಕಿಗಳನ್ನು ಬರೆಯುವ ಮತ್ತು ಓದುವ ಕ್ರಮ

ಭಾರತದ ಸಂವಿಧಾನದ ಇಂಗ್ಲಿಷ್ ಪ್ರತಿಯನ್ನು ತೆರೆದು ನೋಡಿದರೆ ಅದರಲ್ಲಿ ಎರಡು ಬಗೆಯ ಅಂಕಿಗಳು ಕಾಣುತ್ತವೆ. ಅನುಚ್ಛೇದಗಳಿಗೆ ನಾವು ನಿತ್ಯವೂ ಬಳಸುವ ಸಾಧಾರಣ ಅಂಕಿಗಳನ್ನು ಕೊಟ್ಟಿದ್ದಾರೆ. ಆ ಅನುಚ್ಛೇದಗಳನ್ನು ಒಳಗೊಂಡ ಭಾಗಗಳಿಗಾದರೋ ರೋಮನ್ ಅಂಕಿಗಳನ್ನು ಕೊಟ್ಟಿದ್ದಾರೆ. ನಾರಾಯಣಪೇಟೆ, ಮಕ್ತಲ, ಗದ್ವಾಲ ಪ್ರಾಂತದ ಕನ್ನಡ ಮಕ್ಕಳು ತಮ್ಮ ಭಾಷೆಯಲ್ಲಿ ಓದುವುದಕ್ಕೆ ಆಧಾರವಾದ ಒಂದು ಮಾತು ಆ ಗ್ರಂಥದಲ್ಲಿ ಉಂಟು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ದೊರೆಯಲು ಸಾಕಷ್ಟು ಸೌಕರ್ಯಗಳನ್ನು ಒದಗಿಸುವುದಕ್ಕೆ ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು ಎಂಬುದೇ ಆ ಮಾತು. ಅದು ೩೫೦-ಎ ಎಂಬ ಅನುಚ್ಛೇದ. ೧೯೫೬ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು. ಅದು ಯಾವ ಭಾಗದಲ್ಲಿದೆಯೆಂದು ವಿಷಯಸೂಚಿಯಲ್ಲಿ ಹುಡುಕಹೊರಟವನಿಗೆ ಎಕ್ಸ್, ವಿ, ಐ, ಐ ಎಂಬ ನಾಲ್ಕು ಅಕ್ಷರಗಳು ಎದುರಾಗುತ್ತವೆ. ಅವುಗಳನ್ನು ಹದಿನೇಳು ಎಂದು ಓದಬಲ್ಲವನು ಮುಂದೆ ಸಾಗುತ್ತಾನೆ. ಓದಲಾರದವನು ಅಲ್ಲಿಯೇ ನಿಲ್ಲುತ್ತಾನೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಟಿ.ಸಿ. ಎಂದು ಎಲ್ಲರೂ ಕರೆಯುವ ವರ್ಗಾವಣೆ ಪತ್ರವನ್ನು ನೋಡಬಹುದು. ಅನೇಕ ಪತ್ರಗಳಲ್ಲಿ ತರಗತಿಯನ್ನು ರೋಮನ್ ಅಂಕಿಗಳಲ್ಲಿಯೇ ಬರೆಯುವ ರೂಢಿ ಇದೆ. ಐ ಮುಂದೆ, ವಿ ಹಿಂದೆ ಇದ್ದರೆ ನಾಲ್ಕನೆಯ ತರಗತಿ; ವಿ ಮುಂದೆ, ಐ ಹಿಂದೆ ಇದ್ದರೆ ಆರನೆಯದು. ಅದೇ ಎರಡು ಅಕ್ಷರಗಳು. ಇಟ್ಟ ಸ್ಥಳ ಬದಲಾದ ಮಾತ್ರಕ್ಕೆ ಎರಡು ವರ್ಷಗಳ ಅಂತರ! ಒಂಬತ್ತನೆಯ ತರಗತಿಗೂ ಹನ್ನೊಂದನೆಯ ತರಗತಿಗೂ ಇರುವ ಭೇದವು ಹಾಗೆಯೇ ಸರಿ. ಇಲ್ಲಿಂದ ರಾಯಚೂರಿಗೋ ಯಾದಗಿರಿಗೋ ಮುಂದಿನ ಓದಿಗಾಗಿ ಹೋಗುವ ಹುಡುಗನ ಪತ್ರದಲ್ಲಿ ಆ ಎರಡು ಅಕ್ಷರಗಳು ತಿರುವುಮುರುವಾದರೆ ಅದನ್ನು ತಿದ್ದಿಸಿಕೊಂಡು ಬರಲು ತಂದೆಯು ಕೆಲಸ ಬಿಟ್ಟು ಎಷ್ಟು ಸಲ ಓಡಾಡಬೇಕಾದೀತು ಎಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ಈ ಪಾಠವನ್ನು ಮಕ್ಕಳಷ್ಟೇ ಅಲ್ಲ, ಪತ್ರಕ್ಕೆ ಸಹಿ ಮಾಡಿ ಪಡೆದುಕೊಳ್ಳುವ ತಂದೆತಾಯಿಗಳೂ ಒಮ್ಮೆ ಓದುವುದು ಒಳ್ಳೆಯದು.

ರೋಮನ್ ಅಂಕಿಗಳಿಗೆಂದು ಬೇರೆ ಚಿಹ್ನೆಗಳಿಲ್ಲ. ಇಂಗ್ಲಿಷಿನ ಏಳು ದೊಡ್ಡಕ್ಷರಗಳೇ ಅಂಕಿಗಳ ಕೆಲಸವನ್ನು ಮಾಡುತ್ತವೆ. ಈ ಲೇಖನದಲ್ಲಿ ಆ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆದಿದೆ. ಓದುವವರು ಪಾಟಿಯನ್ನೋ ಕಾಗದವನ್ನೋ ಬಳಿಯಲ್ಲಿಟ್ಟುಕೊಂಡು ಹೆಸರು ಬಂದಲ್ಲೆಲ್ಲ ಆಯಾ ಅಕ್ಷರದ ರೂಪವನ್ನು ಬರೆದುಕೊಳ್ಳುತ್ತಾ ಹೋಗಬೇಕು. ಐ ಎಂಬುದು ನೆಟ್ಟನೆಯ ಒಂದು ಗೀಟು; ಅದರ ಬೆಲೆ ಒಂದು. ವಿ ಎಂಬುದು ಕೆಳಗೆ ಕೂಡಿಕೊಂಡ ಎರಡು ಓರೆಗೀಟುಗಳು; ಬೆಲೆ ಐದು. ಎಕ್ಸ್ ನಮ್ಮ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಕತ್ತರಿಸುವ ಎರಡು ಗೀಟುಗಳು, ಬೆಲೆ ಹತ್ತು. ಎಲ್ ಎಂಬುದು ಬಲಕ್ಕೆ ಪಾದ ಚಾಚಿದ ಕಂಬ, ಬೆಲೆ ಐವತ್ತು. ಸಿ ಬಲಕ್ಕೆ ಬಾಯಿ ತೆರೆದ ಅರ್ಧಚಂದ್ರ, ಬೆಲೆ ನೂರು. ಡಿ ಹೆದೆಯನ್ನು ಎಡಕ್ಕಿಟ್ಟು ನಿಲ್ಲಿಸಿದ ಬಿಲ್ಲು, ಬೆಲೆ ಐನೂರು. ಎಂ ಎಂಬುದು ಎರಡು ಕಂಬಗಳ ನಡುವೆ ತೂಗಿದ ತೋರಣ, ಬೆಲೆ ಸಾವಿರ. ಕನ್ನಡದ ಮಕ್ಕಳಿಗೆ ಇಲ್ಲೊಂದು ಎಚ್ಚರಿಕೆಯ ಮಾತು ಹೇಳಬೇಕು. "ಐ" ಎಂಬ ಧ್ವನಿ ಕೇಳಿದೊಡನೆ ನಮ್ಮ ಮನಸ್ಸು "ಐದು" ಎಂಬ ಕಡೆಗೆ ಓಡುವುದು ಸಹಜ. ರೋಮನ್ ಲೆಕ್ಕದಲ್ಲಿ ಐ ಒಂದೇ. ಐದು ಆಗಿರುವುದು ವಿ.

ಈ ಅಕ್ಷರಗಳು ಅಂಕಿಗಳಾದುದು ಹೇಗೆ? ವಿದ್ವಾಂಸರ ಅಭಿಪ್ರಾಯದಂತೆ ಇವು ಮೊದಲು ಅಕ್ಷರಗಳೇ ಆಗಿರಲಿಲ್ಲ. ಕೋಲಿನ ಮೇಲೆ ಕೊರೆದು ಇಟ್ಟ ಎಣಿಕೆಯ ಗುರುತುಗಳಾಗಿದ್ದವು. ನಮ್ಮ ಹಳ್ಳಿಗಳಲ್ಲಿ ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನಿಂದ ಗೀಟೆಳೆದು ಇಡುವುದಿಲ್ಲವೇ? ನಾಲ್ಕು ಗೀಟುಗಳಾದ ಮೇಲೆ ಐದನೆಯದನ್ನು ಅಡ್ಡಲಾಗಿ ಎಳೆದು ಒಂದು ಕಟ್ಟು ಮಾಡುವವರೂ ಇದ್ದಾರೆ. ಬರಿಯ ಗೀಟುಗಳು ಹೆಚ್ಚಾದರೆ ಕಣ್ಣು ಎಣಿಸಲಾರದೆ ಸೋಲುತ್ತದೆ. ಆದುದರಿಂದ ಐದಕ್ಕೊಂದು, ಹತ್ತಕ್ಕೊಂದು ಬೇರೆ ಗುರುತು ಬೇಕಾಗುತ್ತದೆ. ಕತ್ತರಿಸಿದ ಗೀಟು ಹತ್ತಾಯಿತು. ಅದರ ಮೇಲಿನ ಅರ್ಧವೇ ಐದಾಯಿತು. ಎಕ್ಸ್ ಅಕ್ಷರವನ್ನು ಬರೆದು ಕೆಳಗಿನ ಅರ್ಧವನ್ನು ಅಂಗೈಯಿಂದ ಮುಚ್ಚಿ ನೋಡಿದರೆ ವಿ ತಾನೇ ಕಾಣುವುದು. ಸಾವಿರಕ್ಕೆ ಮೊದಲಿದ್ದ ಗುರುತು ನಡುವೆ ಗೀಟುಳ್ಳ ಒಂದು ವೃತ್ತವಾಗಿತ್ತು. ಅದರ ಬಲಭಾಗದ ಅರ್ಧವೇ ಐನೂರರ ಡಿ. ಲ್ಯಾಟಿನ್ ಭಾಷೆಯಲ್ಲಿ ನೂರಕ್ಕೆ ಸೆಂಟುಮ್, ಸಾವಿರಕ್ಕೆ ಮಿಲ್ಲೆ ಎಂಬ ಶಬ್ದಗಳಿದ್ದುದರಿಂದ ಕಾಲಕ್ರಮದಲ್ಲಿ ಆ ಗುರುತುಗಳು ಸಿ ಮತ್ತು ಎಂ ಅಕ್ಷರಗಳ ರೂಪವನ್ನು ತಳೆದವು. ರೋಮಿನ ದಿನಾರಿಯಸ್ ಎಂಬ ಬೆಳ್ಳಿಯ ನಾಣ್ಯವು ಮೊದಲು ಟಂಕಿತವಾದಾಗ ಹತ್ತು ತಾಮ್ರದ ನಾಣ್ಯಗಳಿಗೆ ಸಮನಾಗಿತ್ತು; ಆದುದರಿಂದ ಅದರ ಮೇಲೆ ಎಕ್ಸ್ ಗುರುತು ಇರುತ್ತಿತ್ತು. ನಮ್ಮ ಹಳೆಯ ಗ್ರಂಥಗಳಲ್ಲಿ ಬರುವ "ದೀನಾರ" ಎಂಬ ಮಾತು ಆ ಹೆಸರಿನಿಂದಲೇ ಬಂದುದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ನಾಣ್ಯಗಳು ದೊರೆತಿರುವುದರಿಂದ, ಆ ಜನರ ಹಣವು ಎರಡು ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನವರೆಗೆ ಬಂದಿತ್ತೆಂದು ತಿಳಿಯುತ್ತದೆ. ಹಣ ಬಂದಿತು, ಅವರ ಅಂಕಿಗಳನ್ನು ಮಾತ್ರ ನಮ್ಮವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಕಾರಣವು ಮುಂದೆ ತಾನೇ ತಿಳಿದುಬರುವುದು.

ಇನ್ನು ಬರೆಯುವ ಕ್ರಮ. ಒಂದರಿಂದ ನೂರರವರೆಗೆ ರೋಮನ್ ಅಂಕಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುವ ಪದ್ಧತಿ ಕೆಲವೆಡೆ ಉಂಟು. ಅದು ವ್ಯರ್ಥ ಶ್ರಮವೆಂದೇ ನಮ್ಮ ಅಭಿಪ್ರಾಯ. ಒಂಬತ್ತರವರೆಗೆ ಸರಿಯಾಗಿ ತಿಳಿದರೆ ಉಳಿದುದೆಲ್ಲವೂ ತಿಳಿದಂತೆಯೇ. ಒಂದು, ಎರಡು, ಮೂರಕ್ಕೆ ಅಷ್ಟಷ್ಟೇ ಗೀಟುಗಳು: ಐ, ಐ-ಐ, ಐ-ಐ-ಐ. ನಾಲ್ಕಕ್ಕೆ ನಾಲ್ಕು ಗೀಟುಗಳನ್ನು ಬರೆಯದೆ, "ಐದಕ್ಕೆ ಒಂದು ಕಡಿಮೆ" ಎಂಬ ಅರ್ಥದಲ್ಲಿ ಐದರ ಎಡಕ್ಕೆ ಒಂದನ್ನು ಇಡುತ್ತಾರೆ: ಐ-ವಿ. ಐದು ವಿ. ಆರು, ಏಳು, ಎಂಟಕ್ಕೆ ಐದರ ಬಲಕ್ಕೆ ಒಂದೊಂದನ್ನು ಕೂಡಿಸುತ್ತಾ ಹೋಗುತ್ತಾರೆ: ವಿ-ಐ, ವಿ-ಐ-ಐ, ವಿ-ಐ-ಐ-ಐ. ಒಂಬತ್ತು "ಹತ್ತಕ್ಕೆ ಒಂದು ಕಡಿಮೆ": ಐ-ಎಕ್ಸ್. ಎಡಕ್ಕಿಟ್ಟ ಚಿಕ್ಕದು ಕಳೆಯುತ್ತದೆ, ಬಲಕ್ಕಿಟ್ಟದ್ದು ಕೂಡುತ್ತದೆ. ಇದು ಮನಸ್ಸಿನಲ್ಲಿ ನಿಂತರೆ ಟಿ.ಸಿ.ಯ ನಾಲ್ಕೂ ಆರೂ ಎಂದಿಗೂ ಕಲಸಿಹೋಗುವುದಿಲ್ಲ. ಈ ರೀತಿಯ ಮಾತು ಕನ್ನಡಕ್ಕೆ ಹೊಸದೇನೂ ಅಲ್ಲ. "ಒಂದು ಕಡಿಮೆ ನೂರು", "ಐದು ಕಡಿಮೆ ಐವತ್ತು" ಎಂದು ನಮ್ಮ ಹಿರಿಯರು ಮಾರುಕಟ್ಟೆಯಲ್ಲಿ ಆಡುವುದನ್ನು ಕೇಳಿಯೇ ಇದ್ದೇವೆ.

ಈಗ ಈ ಒಂಬತ್ತು ರೂಪಗಳನ್ನು ಬರೆಯಲು ಬೇಕಾದ ಅಕ್ಷರಗಳು ಮೂರೇ ಎಂಬುದನ್ನು ಗಮನಿಸಬೇಕು: ಒಂದರ ಅಕ್ಷರ, ಐದರ ಅಕ್ಷರ, ಹತ್ತರ ಅಕ್ಷರ. ಬಿಡಿಸ್ಥಾನದಲ್ಲಿ ಅವು ಐ, ವಿ, ಎಕ್ಸ್. ಹತ್ತರ ಸ್ಥಾನಕ್ಕೆ ಬಂದಾಗ ಹತ್ತು, ಐವತ್ತು, ನೂರು ಅವುಗಳ ಪಾತ್ರವನ್ನು ವಹಿಸುತ್ತವೆ. ಅಂದರೆ ಎಕ್ಸ್, ಎಲ್, ಸಿ. ನೂರರ ಸ್ಥಾನದಲ್ಲಿ ನೂರು, ಐನೂರು, ಸಾವಿರ. ಅಂದರೆ ಸಿ, ಡಿ, ಎಂ. ಆಟ ಒಂದೇ, ಪಾತ್ರಧಾರಿಗಳು ಮಾತ್ರ ಬೇರೆ. ನಾಲ್ಕು ಐ-ವಿ ಆದಂತೆ ನಲವತ್ತು ಎಕ್ಸ್-ಎಲ್, ನಾನೂರು ಸಿ-ಡಿ. ಒಂಬತ್ತು ಐ-ಎಕ್ಸ್ ಆದಂತೆ ತೊಂಬತ್ತು ಎಕ್ಸ್-ಸಿ, ಒಂಬೈನೂರು ಸಿ-ಎಂ. ಎಂಟು ವಿ-ಐ-ಐ-ಐ ಆದಂತೆ ಎಂಬತ್ತು ಎಲ್-ಎಕ್ಸ್-ಎಕ್ಸ್-ಎಕ್ಸ್, ಎಂಟುನೂರು ಡಿ-ಸಿ-ಸಿ-ಸಿ. ಸಾವಿರದ ಸ್ಥಾನಕ್ಕೆ ಎಂ ಒಂದೇ ಇರುವುದರಿಂದ ಅದನ್ನು ಒಂದು, ಎರಡು ಅಥವಾ ಮೂರು ಸಲ ಬರೆದರೆ ತೀರಿತು.

ಆದ್ದರಿಂದ ಎಷ್ಟೇ ದೊಡ್ಡ ಸಂಖ್ಯೆಯನ್ನು ಕೊಟ್ಟರೂ ಮಾಡಬೇಕಾದದ್ದು ಇಷ್ಟೇ. ಮೊದಲು ಅದನ್ನು ಸಾವಿರ, ನೂರು, ಹತ್ತು, ಬಿಡಿ ಎಂದು ಸ್ಥಾನಗಳಾಗಿ ಬಿಡಿಸಬೇಕು. ಆಮೇಲೆ ದೊಡ್ಡ ಸ್ಥಾನದಿಂದ ಆರಂಭಿಸಿ ಒಂದೊಂದು ಸ್ಥಾನವನ್ನೂ ಬೇರೆ ಬೇರೆಯಾಗಿ ಬರೆದು, ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಒಂದು ಸ್ಥಾನವನ್ನು ಮುಗಿಸುವ ಮೊದಲು ಇನ್ನೊಂದಕ್ಕೆ ಕೈ ಹಾಕಬಾರದು.

೧೯೫೬ನ್ನು ತೆಗೆದುಕೊಳ್ಳೋಣ. ಸಾವಿರ ಒಂದು: ಎಂ. ಒಂಬೈನೂರು: ಸಿ-ಎಂ. ಐವತ್ತು: ಎಲ್. ಆರು: ವಿ-ಐ. ಸಾಲಾಗಿ ಇಟ್ಟರೆ ಎಂ-ಸಿ-ಎಂ-ಎಲ್-ವಿ-ಐ. ತೆಲಂಗಾಣ ರಾಜ್ಯವು ಉದಯಿಸಿದ ೨೦೧೪ನ್ನು ಬರೆಯುವುದಾದರೆ ಎರಡು ಸಾವಿರಕ್ಕೆ ಎಂ-ಎಂ. ನೂರರ ಸ್ಥಾನದಲ್ಲಿ ಸೊನ್ನೆ. ಸೊನ್ನೆಗೆ ರೋಮನ್ ಅಂಕಿಗಳಲ್ಲಿ ಅಕ್ಷರವಿಲ್ಲ. ಆದುದರಿಂದ ಏನನ್ನೂ ಬರೆಯದೆ ಮುಂದಕ್ಕೆ ಹೋಗಬೇಕು. ಹತ್ತಕ್ಕೆ ಎಕ್ಸ್, ನಾಲ್ಕಕ್ಕೆ ಐ-ವಿ. ಒಟ್ಟು ಎಂ-ಎಂ-ಎಕ್ಸ್-ಐ-ವಿ. ನಮ್ಮ ಅನುಚ್ಛೇದದ ೩೫೦ಕ್ಕೆ ಮುನ್ನೂರು ಸಿ-ಸಿ-ಸಿ, ಐವತ್ತು ಎಲ್, ಬಿಡಿಸ್ಥಾನ ಸೊನ್ನೆ: ಸಿ-ಸಿ-ಸಿ-ಎಲ್. ೧೯೫೦ರಲ್ಲಿ ಜಾರಿಗೆ ಬಂದಾಗ ಸಂವಿಧಾನದಲ್ಲಿದ್ದ ಅನುಚ್ಛೇದಗಳ ಸಂಖ್ಯೆ ೩೯೫, ಅದು ಸಿ-ಸಿ-ಸಿ-ಎಕ್ಸ್-ಸಿ-ವಿ. ಭಾಗಗಳು ೨೨, ಅದು ಎಕ್ಸ್-ಎಕ್ಸ್-ಐ-ಐ.

ಚುರುಕಾದ ಮಕ್ಕಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳುವುದುಂಟು. "ತೊಂಬತ್ತೊಂಬತ್ತು ಎಂದರೆ ನೂರಕ್ಕೆ ಒಂದು ಕಡಿಮೆ, ಐ-ಸಿ ಎಂದು ಎರಡೇ ಅಕ್ಷರಗಳಲ್ಲಿ ಏಕೆ ಮುಗಿಸಬಾರದು?" ಪ್ರಶ್ನೆ ಯೋಗ್ಯವಾದುದೇ. ಸ್ಥಾನ ಬಿಡಿಸುವ ನಿಯಮವೇ ಅದಕ್ಕೆ ಉತ್ತರ. ತೊಂಬತ್ತೊಂಬತ್ತರಲ್ಲಿ ತೊಂಬತ್ತು ಒಂದು ಸ್ಥಾನ, ಒಂಬತ್ತು ಇನ್ನೊಂದು ಸ್ಥಾನ. ತೊಂಬತ್ತನ್ನು ಎಕ್ಸ್-ಸಿ ಎಂದು ಮುಗಿಸಿ, ಒಂಬತ್ತನ್ನು ಐ-ಎಕ್ಸ್ ಎಂದು ಪಕ್ಕದಲ್ಲಿಡಬೇಕು: ಎಕ್ಸ್-ಸಿ-ಐ-ಎಕ್ಸ್. ಹೀಗೆ ಬರೆದಾಗ ಐ ಎಂಬುದು ವಿ ಮತ್ತು ಎಕ್ಸ್ ಇವುಗಳ ಎಡಕ್ಕೆ ಮಾತ್ರವೇ, ಎಕ್ಸ್ ಎಂಬುದು ಎಲ್ ಮತ್ತು ಸಿ ಇವುಗಳ ಎಡಕ್ಕೆ ಮಾತ್ರವೇ, ಸಿ ಎಂಬುದು ಡಿ ಮತ್ತು ಎಂ ಇವುಗಳ ಎಡಕ್ಕೆ ಮಾತ್ರವೇ ಕಳೆಯಲು ಬರುತ್ತದೆ. ವಿ, ಎಲ್, ಡಿ ಎಂಬ ಐದರ ಜಾತಿಯವು ಯಾವುದರಿಂದಲೂ ಕಳೆಯಲು ಬರುವುದಿಲ್ಲ. ಒಂದೇ ಸಂಖ್ಯೆಯಲ್ಲಿ ಎರಡು ಸಲವೂ ಬರುವುದಿಲ್ಲ, ಏಕೆಂದರೆ ಎರಡು ಐದುಗಳು ಸೇರಿದರೆ ಹತ್ತಕ್ಕೆ ಬೇರೆ ಅಕ್ಷರ ಸಿದ್ಧವಾಗಿಯೇ ಇದೆ. ಈ ನಿಯಮಗಳನ್ನು ಬೇರೆಯಾಗಿ ಕಂಠಪಾಠ ಮಾಡುವ ಅಗತ್ಯವಿಲ್ಲ. ಸ್ಥಾನಗಳನ್ನು ಬಿಡಿಸಿ ಬರೆದವನು ಇವುಗಳನ್ನು ಅರಿಯದೆಯೇ ಪಾಲಿಸಿರುತ್ತಾನೆ. ೧೯೯೯ನ್ನು ಎಂ-ಐ-ಎಂ ಎಂದು ಬರೆದು ಜಾಣತನ ಮೆರೆಯುವವರಿದ್ದಾರೆ. ಸರಿಯಾದ ರೂಪ ಉದ್ದವೇ ಸರಿ: ಎಂ-ಸಿ-ಎಂ-ಎಕ್ಸ್-ಸಿ-ಐ-ಎಕ್ಸ್.

ಓದುವ ಕ್ರಮವು ಬರೆಯುವುದಕ್ಕಿಂತ ಸುಲಭ. ಎಡದಿಂದ ಆರಂಭಿಸಿ ಒಂದೊಂದು ಅಕ್ಷರದ ಬಳಿಯೂ ಬಲಪಕ್ಕದ ಅಕ್ಷರವನ್ನು ನೋಡಬೇಕು. ಬಲಪಕ್ಕದ್ದು ತನಗಿಂತ ದೊಡ್ಡದಾಗಿದ್ದರೆ ಈ ಅಕ್ಷರವನ್ನು ಕಳೆಯಬೇಕು, ಇಲ್ಲವಾದರೆ ಕೂಡಬೇಕು. ಉದಾಹರಣೆಗೆ ಸಂವಿಧಾನವನ್ನು ಅಂಗೀಕರಿಸಿದ ವರ್ಷವನ್ನು ಎಂ-ಸಿ-ಎಂ-ಎಕ್ಸ್-ಎಲ್-ಐ-ಎಕ್ಸ್ ಎಂದು ಬರೆದಿದೆಯೆನ್ನಿ. ಮೊದಲ ಎಂ ಕೂಡುವುದು: ೧೦೦೦. ಸಿ ತನ್ನ ಬಲಗಡೆಯ ಎಂ ಅಕ್ಷರಕ್ಕಿಂತ ಚಿಕ್ಕದು, ಕಳೆಯಬೇಕು: ೯೦೦. ಎಂ ಕೂಡಿದರೆ ೧೯೦೦. ಎಕ್ಸ್ ತನ್ನ ಬಲದ ಎಲ್ ಅಕ್ಷರಕ್ಕಿಂತ ಚಿಕ್ಕದು, ಕಳೆದರೆ ೧೮೯೦. ಎಲ್ ಕೂಡಿದರೆ ೧೯೪೦. ಐ ಕಳೆದರೆ ೧೯೩೯. ಕೊನೆಯ ಎಕ್ಸ್ ಕೂಡಿದರೆ ೧೯೪೯. ಸ್ವಲ್ಪ ಅಭ್ಯಾಸವಾದ ಮೇಲೆ ಸಿ-ಎಂ, ಎಕ್ಸ್-ಎಲ್, ಐ-ಎಕ್ಸ್ ಎಂಬ ಜೋಡಿಗಳು ಒಂದೇ ನೋಟಕ್ಕೆ ಒಂಬೈನೂರು, ನಲವತ್ತು, ಒಂಬತ್ತು ಎಂದು ಕಾಣತೊಡಗುತ್ತವೆ. ಬರೆದುದನ್ನು ಹೀಗೆ ಹಿಂದಕ್ಕೆ ಓದಿ ತಾಳೆ ನೋಡುವ ಅಭ್ಯಾಸವನ್ನು ಮಕ್ಕಳು ಮೊದಲಿನಿಂದಲೇ ಇಟ್ಟುಕೊಳ್ಳುವುದು ಲೇಸು.

ಇಷ್ಟನ್ನೂ ಕಲಿತು ಮನೆಗೆ ಹೋದ ಹುಡುಗನು ಗೋಡೆಯ ಗಡಿಯಾರವನ್ನು ನೋಡಿ ಚಕಿತನಾಗಬಹುದು. ಅನೇಕ ಗಡಿಯಾರಗಳ ಮುಖದ ಮೇಲೆ ನಾಲ್ಕರ ಸ್ಥಾನದಲ್ಲಿ ಐ-ವಿ ಇರದೆ ನಾಲ್ಕು ಗೀಟುಗಳೇ ಇರುತ್ತವೆ! ಅದು ತಪ್ಪಲ್ಲ, ಹಳೆಯ ರೂಢಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಪ್ರಸಿದ್ಧ ಗಡಿಯಾರದಲ್ಲಿ ಐ-ವಿ ಎಂದೇ ಇದೆ. ಪ್ರಾಚೀನ ರೋಮನರಿಗೆ ಕಳೆಯುವ ಕ್ರಮ ಗೊತ್ತಿದ್ದರೂ ಅದನ್ನು ಎಲ್ಲೆಡೆಯಲ್ಲಿಯೂ ಪಾಲಿಸುತ್ತಿರಲಿಲ್ಲ. ರೋಮ್ ನಗರದ ಕೊಲೋಸಿಯಮ್ ಎಂಬ ಮಹಾ ಕ್ರೀಡಾಂಗಣದ ಬಾಗಿಲುಗಳ ಮೇಲೆ ಕೆತ್ತಿದ ಅಂಕಿಗಳು ಇಂದಿಗೂ ಉಳಿದಿವೆ. ಅಲ್ಲಿ ೪೪ನೆಯ ಬಾಗಿಲಿನ ಮೇಲೆ ನಲವತ್ತನ್ನು ಕಳೆಯುವ ಕ್ರಮದಿಂದ ಎಕ್ಸ್-ಎಲ್ ಎಂದು ಬರೆದು, ನಾಲ್ಕನ್ನು ಮಾತ್ರ ನಾಲ್ಕು ಗೀಟುಗಳಿಂದ ಬರೆದಿದ್ದಾರೆ. ಒಂದೇ ಸಂಖ್ಯೆಯಲ್ಲಿ ಎರಡು ಪದ್ಧತಿ! ಇಂದು ಶಾಲೆಗಳಲ್ಲಿ ಕಲಿಸುವ ಕಟ್ಟುನಿಟ್ಟಾದ ಕ್ರಮವು ಬಹು ಕಾಲಾನಂತರ ನೆಲೆಗೊಂಡುದು. ಪರೀಕ್ಷೆಯಲ್ಲಿ ಮಾತ್ರ ಗಡಿಯಾರವನ್ನು ಸಾಕ್ಷಿಗೆ ಕರೆಯದೆ ಐ-ವಿ ಎಂದೇ ಬರೆಯತಕ್ಕದ್ದು.

ಈಗ ಒಂದು ವಿಚಿತ್ರವನ್ನು ನೋಡಿರಿ. ೮೮೮ನ್ನು ರೋಮನ್ ಅಂಕಿಗಳಲ್ಲಿ ಬರೆದರೆ ಡಿ-ಸಿ-ಸಿ-ಸಿ-ಎಲ್-ಎಕ್ಸ್-ಎಕ್ಸ್-ಎಕ್ಸ್-ವಿ-ಐ-ಐ-ಐ ಎಂದು ಹನ್ನೆರಡು ಅಕ್ಷರಗಳಾಗುತ್ತವೆ. ಅದಕ್ಕಿಂತ ದೊಡ್ಡದಾದ ಸಾವಿರಕ್ಕೆ ಎಂ ಎಂಬ ಒಂದೇ ಅಕ್ಷರ ಸಾಕು. ನಮ್ಮ ಅಂಕಿಗಳಲ್ಲಿ ಹೀಗಾಗುವುದಿಲ್ಲ. ಮೂರು ಅಂಕಿಗಳ ಸಂಖ್ಯೆಗಿಂತ ನಾಲ್ಕು ಅಂಕಿಗಳ ಸಂಖ್ಯೆ ಯಾವಾಗಲೂ ದೊಡ್ಡದು. ಏಕೆ? ನಮ್ಮಲ್ಲಿ ಅಂಕಿಯ ಬೆಲೆಯು ಅದು ಕುಳಿತ ಸ್ಥಾನದಿಂದ ನಿಶ್ಚಯವಾಗುತ್ತದೆ. ೮೮೮ರಲ್ಲಿ ಒಂದೇ ಎಂಟು ಎಡದಲ್ಲಿ ಎಂಟುನೂರು, ನಡುವೆ ಎಂಬತ್ತು, ಕೊನೆಯಲ್ಲಿ ಎಂಟು. ರೋಮನ್ ಎಕ್ಸ್ ಆದರೋ ಕೂಡಿದರೂ ಕಳೆದರೂ ಎಲ್ಲಿ ಕುಳಿತರೂ ಹತ್ತೇ. ಸ್ಥಾನಕ್ಕೆ ಬೆಲೆ ಇಲ್ಲದ ಕಡೆ ಖಾಲಿ ಸ್ಥಾನವನ್ನು ಕಾಯುವ ಸೊನ್ನೆಯೂ ಬೇಕಾಗುವುದಿಲ್ಲ. ೨೦೧೪ನ್ನು ಬರೆಯುವಾಗ ನಾವು ಸೊನ್ನೆಯನ್ನು ಬಿಟ್ಟು ಹೋದದ್ದು ಅದಕ್ಕಾಗಿಯೇ. ಆದರೆ ಗಮನಿಸತಕ್ಕ ಸಂಗತಿಯೊಂದಿದೆ. ಸಂಖ್ಯೆಯನ್ನು ರೋಮನ್ನಿಗೆ ತಿರುಗಿಸಲು ನಾವು ಹಿಡಿದ ಉಪಾಯವೇ ಸ್ಥಾನಗಳನ್ನು ಬಿಡಿಸುವುದು. ಅಂದರೆ ನಮ್ಮ ಅಂಕಿಗಳು ಅರ್ಧ ಕೆಲಸವನ್ನು ಮೊದಲೇ ಮಾಡಿ ಕೊಟ್ಟಿರುತ್ತವೆ.

ಈ ಸ್ಥಾನಪದ್ಧತಿಯು ಕನ್ನಡನಾಡಿನಲ್ಲಿ ಎಷ್ಟು ಬೆಳೆದಿತ್ತೆಂಬುದಕ್ಕೆ ನಾರಾಯಣಪೇಟೆಯಿಂದ ಬಹು ದೂರವಲ್ಲದ ಮಳಖೇಡವೇ ಸಾಕ್ಷಿ. ಕಾಗಿಣಾ ನದಿಯ ದಡದ ಆ ಊರು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನೆಂಬ ಗಣಿತಜ್ಞನು "ಗಣಿತಸಾರಸಂಗ್ರಹ" ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಸೊನ್ನೆಯನ್ನು ಕೂಡಿಸುವ, ಕಳೆಯುವ, ಗುಣಿಸುವ ಕ್ರಮ ಅದರಲ್ಲಿದೆ. ಗುಣಾಕಾರದಿಂದ ಕಂಠಾಭರಣದಂತೆ ಎರಡೂ ಕಡೆಯಿಂದ ಒಂದೇ ತೆರನಾಗಿ ಕಾಣುವ ಸಂಖ್ಯೆಗಳು ಹುಟ್ಟುವ ಲೆಕ್ಕಗಳನ್ನೂ ಆತನು ಕೊಟ್ಟಿದ್ದಾನೆ. ೧೪೨೮೫೭೧೪೩ನ್ನು ೭ರಿಂದ ಗುಣಿಸಿ ನೋಡಿರಿ. ೧೦೦೦೦೦೦೦೦೧ ಬರುವುದು, ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆ ಎಂಟು ಸೊನ್ನೆಗಳು. ಏಳರ ಮಗ್ಗಿ ಬಲ್ಲ ನಾಲ್ಕನೆಯ ತರಗತಿಯ ಹುಡುಗಿಯೂ ಇದನ್ನು ಪಾಟಿಯ ಮೇಲೆ ಮಾಡಿಯಾಳು. ಇದನ್ನೇ ರೋಮನ್ ಅಂಕಿಗಳಲ್ಲಿ ಮಾಡಹೊರಟರೆ ಗುಣಾಕಾರ ಹಾಗಿರಲಿ, ಆ ಸಂಖ್ಯೆಯನ್ನು ಏಳು ಅಕ್ಷರಗಳಿಂದ ಬರೆಯುವುದೇ ಸಾಧ್ಯವಾಗದು. ಎಂ ಮೂರು ಸಲ ಬಂದ ಮೇಲೆ ನಾಲ್ಕು ಸಾವಿರಕ್ಕೆ ಕಳೆಯುವ ಕ್ರಮ ಬೇಕು. ಅದಕ್ಕೆ ಐದು ಸಾವಿರದ ಅಕ್ಷರವಿಲ್ಲ. ಆದುದರಿಂದ ಶಾಲೆಯ ಕ್ರಮದಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ೩೯೯೯. ಅಕ್ಷರದ ತಲೆಯ ಮೇಲೆ ಅಡ್ಡಗೀಟು ಎಳೆದರೆ ಅದರ ಬೆಲೆ ಸಾವಿರಪಟ್ಟಾಗುವುದೆಂಬ ಉಪಾಯವೊಂದು ಉಂಟು. ನಮ್ಮ ಉಪಯೋಗಕ್ಕೆ ಅದು ಬೇಕಾಗುವುದಿಲ್ಲ.

ಹಾಗಾದರೆ ರೋಮನರು ಲೆಕ್ಕವನ್ನು ಹೇಗೆ ಮಾಡುತ್ತಿದ್ದರು? ಅಂಕಿಗಳಿಂದಲ್ಲ, ಗೆರೆ ಹಾಕಿದ ಹಲಗೆಯ ಮೇಲೆ ಹರಳುಗಳನ್ನು ಸರಿಸಿ. ಲೆಕ್ಕ ಮುಗಿದ ಮೇಲೆ ಬಂದ ಫಲವನ್ನು ಮಾತ್ರ ಅಂಕಿಗಳಲ್ಲಿ ಬರೆದಿಡುತ್ತಿದ್ದರು. ಹರಳಿಗೆ ಅವರ ಭಾಷೆಯಲ್ಲಿ ಕ್ಯಾಲ್ಕುಲಸ್ ಎಂದು ಹೆಸರು. ಕ್ಯಾಲ್ಕುಲೇಟರ್ ಎಂಬ ಯಂತ್ರದ ಹೆಸರು ಆ ಹರಳಿನಿಂದಲೇ ಬಂದುದು. ಭಾರತದ ಅಂಕಿಗಳು ಅರಬರ ಮೂಲಕ ಯುರೋಪಿಗೆ ಹೋದ ಮೇಲೆ, ಇಟಲಿಯ ಪೀಸಾ ನಗರದ ಲಿಯೊನಾರ್ಡೊ, ಅಂದರೆ ಫಿಬೊನಾಚಿ, ೧೨೦೨ರಲ್ಲಿ ತನ್ನ ಗ್ರಂಥದಿಂದ ಅವುಗಳನ್ನು ಅಲ್ಲಿಯ ವರ್ತಕರಿಗೆ ಪರಿಚಯ ಮಾಡಿಕೊಟ್ಟನು. ಆದರೂ ೧೨೯೯ರಲ್ಲಿ ಫ್ಲಾರೆನ್ಸ್ ನಗರದ ಹಣಕಾಸಿನ ವ್ಯಾಪಾರಿಗಳ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಹೊಸ ಅಂಕಿಗಳನ್ನು ಬರೆಯಕೂಡದೆಂದು ನಿಷೇಧಿಸಿತು. ಸೊನ್ನೆಗೆ ಒಂದು ಬಾಲ ಸೇರಿಸಿದರೆ ಆರೋ ಒಂಬತ್ತೋ ಆಗಿಬಿಡುವುದೆಂಬ ಭಯ ಇದಕ್ಕೆ ಕಾರಣವೆಂದು ಹೇಳುವುದುಂಟು. ಇಂದಿಗೂ ಬ್ಯಾಂಕಿನ ಚೆಕ್ಕಿನ ಮೇಲೆ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಸಿಕೊಳ್ಳುವರಲ್ಲವೇ? ಆ ಭಯ ಪೂರ್ತಿಯಾಗಿ ಹೋಗಿಲ್ಲ.

ನಮ್ಮವರು ಸಂಖ್ಯೆಯನ್ನು ಯಾವಾಗಲೂ ಅಂಕಿಯಲ್ಲಿಯೇ ಬರೆದರೆಂದು ತಿಳಿಯಬಾರದು. ಇಮ್ಮಡಿ ಪುಲಕೇಶಿಯ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಶಕವರ್ಷ ೫೫೬ನ್ನು, ಅಂದರೆ ಕ್ರಿ.ಶ. ೬೩೪-೩೫ನ್ನು, ಪದ್ಯದಲ್ಲಿ ಹೇಳಿದ್ದಾನೆ. ಛಂದಸ್ಸಿಗೆ ಒಗ್ಗುವಂತೆ ಐವತ್ತು, ಆರು, ಐನೂರು ಎಂಬ ಕ್ರಮದಲ್ಲಿ ಸಂಖ್ಯೆಯ ತುಂಡುಗಳನ್ನು ಇಟ್ಟಿದ್ದಾನೆ. ಮಾತಿನಲ್ಲಿ ಹೇಗೆ ಇಟ್ಟರೂ ಕೂಡಿದ ಮೊತ್ತ ಅದೇ ಬರುವುದು. ರೋಮನ್ ಅಂಕಿಗಳಲ್ಲಿ ಆ ಸ್ವಾತಂತ್ರ್ಯವಿಲ್ಲ. ಡಿ-ಎಲ್-ವಿ-ಐ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಲೇಬೇಕು.

ಲೆಕ್ಕಕ್ಕೆ ಬಾರದ ಈ ಅಂಕಿಗಳು ಇನ್ನೂ ಏಕೆ ಉಳಿದಿವೆ ಎಂದು ತಂದೆತಾಯಿಗಳು ಕೇಳಬಹುದು. ಒಂದು ಪುಸ್ತಕದಲ್ಲಿ ಎರಡು ಬಗೆಯ ಎಣಿಕೆಗಳು ಏಕಕಾಲದಲ್ಲಿ ನಡೆಯುವಾಗ ಅವು ಒಂದರೊಡನೊಂದು ಬೆರೆಯದಂತೆ ಇರಿಸಲು ಇವು ಅನುಕೂಲವಾಗಿವೆ. ಸಂವಿಧಾನದಲ್ಲಿ "ಹದಿನೇಳು" ಎಂದರೆ ಭಾಗವೋ ಅನುಚ್ಛೇದವೋ ಎಂಬ ಸಂದೇಹ ಬಾರದಿರುವುದು ಇದರಿಂದಲೇ. ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದುದು. ಅದು ಇರುವುದು ಐ-ಐ-ಐ ಎಂಬ ಮೂಲಭೂತ ಹಕ್ಕುಗಳ ಭಾಗದಲ್ಲಿ. ಎಕ್ಸ್-ವಿ-ಐ-ಐ ಭಾಗವಾದರೋ ಭಾಷೆಗೆ ಸಂಬಂಧಿಸಿದ್ದು. ೩೪೩ರಿಂದ ೩೫೧ರವರೆಗಿನ ಅನುಚ್ಛೇದಗಳು ಅದರಲ್ಲಿವೆ. ಅದರ ಐ-ವಿ ಎಂಬ ನಾಲ್ಕನೆಯ ಅಧ್ಯಾಯದಲ್ಲಿ ನಮ್ಮ ೩೫೦-ಎ ಇದೆ. ಗ್ರಂಥಗಳ ಮುನ್ನುಡಿಯ ಪುಟಗಳಿಗೂ, ಒಂದೇ ಹೆಸರಿನ ಅರಸರ ಕ್ರಮಸಂಖ್ಯೆಗೂ, ರಸಾಯನಶಾಸ್ತ್ರದಲ್ಲಿ ಕಬ್ಬಿಣ, ತಾಮ್ರ ಮೊದಲಾದ ಲೋಹಗಳ ಸಂಯುಕ್ತಗಳ ಹೆಸರುಗಳಿಗೂ ಇದೇ ಅಂಕಿಗಳನ್ನು ಬಳಸುತ್ತಾರೆ. ಹೈದರಾಬಾದಿನ ಕೊನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಆಸಫ್ ಜಾಹ್ ಎಂಬ ಹೆಸರಿನ ಮುಂದೆ ವಿ-ಐ-ಐ ಎಂದು ಬರೆಯುವುದನ್ನು ಮಕ್ಕಳು ನೋಡಿರಬಹುದು.

ಅದೇ ವಿ-ಐ-ಐ ಎಂಬ ಅಂಕಿಯನ್ನು ಸಂವಿಧಾನದಲ್ಲಿ ಹುಡುಕಿದರೆ ಒಂದು ಖಾಲಿ ಜಾಗ ಸಿಕ್ಕುತ್ತದೆ. ಅದರ ಕಥೆಯು ನಮ್ಮ ಪ್ರಾಂತದ ಕಥೆಯೂ ಹೌದು. ೧೯೫೦ರಲ್ಲಿ ಹೈದರಾಬಾದು ಮೊದಲನೆಯ ಅನುಸೂಚಿಯ "ಬಿ" ವಿಭಾಗದ ರಾಜ್ಯಗಳಲ್ಲಿ ಒಂದಾಗಿತ್ತು. ಅಂಥ ರಾಜ್ಯಗಳ ಆಡಳಿತವನ್ನು ಹೇಳುತ್ತಿದ್ದುದೇ ಏಳನೆಯ ಭಾಗ. ಆಗ ನಾರಾಯಣಪೇಟೆ, ಮಕ್ತಲಗಳು ಮಹಬೂಬನಗರ ಜಿಲ್ಲೆಯಲ್ಲಿದ್ದವು. ಗದ್ವಾಲವು ರಾಯಚೂರು ಜಿಲ್ಲೆಗೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಪುನರ್‌ರಚಿತವಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗದ್ವಾಲ, ಆಲಂಪುರಗಳು ಅದರಿಂದ ಬೇರ್ಪಟ್ಟು ಮಹಬೂಬನಗರದೊಡನೆ ಆಂಧ್ರಪ್ರದೇಶದಲ್ಲಿ ಉಳಿದವು. ಗಡಿಯ ಈಚೆಗೆ ಉಳಿದ ಕನ್ನಡಿಗರು ಅಲ್ಪಸಂಖ್ಯಾತರಾದರು. ಏಳನೆಯ ತಿದ್ದುಪಡಿಯು ಏಳನೆಯ ಭಾಗವನ್ನು ತೆಗೆದುಹಾಕಿತು; ಅದೇ ತಿದ್ದುಪಡಿಯು ಹದಿನೇಳನೆಯ ಭಾಗದಲ್ಲಿ ಮಾತೃಭಾಷೆಯ ಶಿಕ್ಷಣದ ಮಾತನ್ನು ಸೇರಿಸಿತು. ಮುಂದಿನ ಭಾಗಗಳ ಅಂಕಿಗಳನ್ನು ಬದಲಿಸಲಿಲ್ಲವಾದುದರಿಂದ ಇಂದಿಗೂ ವಿ-ಐ ಆದ ಮೇಲೆ ವಿ-ಐ-ಐ ಎದುರಿಗೆ ರದ್ದಾಯಿತೆಂಬ ಟಿಪ್ಪಣಿ ಇದ್ದು, ವಿ-ಐ-ಐ-ಐ ಮುಂದುವರಿಯುತ್ತದೆ. ಎಕ್ಸ್ ಒಂದನ್ನು ಎಡಕ್ಕೆ ಸೇರಿಸಿದರೆ ಏಳು ಹದಿನೇಳಾಗುವುದು. ಮಕ್ಕಳು ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಲಿ.

ಇನ್ನು ಅಭ್ಯಾಸ. ಮೊದಲನೆಯದು: ೨೯, ೩೦, ೩೪೩ ಇವುಗಳನ್ನು ರೋಮನ್ ಅಂಕಿಗಳಲ್ಲಿ ಬರೆಯಿರಿ. ಎರಡನೆಯದು: ಜೋಗುಳಾಂಬಾ ಗದ್ವಾಲ ಜಿಲ್ಲೆಯು ರಚಿತವಾದ ೨೦೧೬ನ್ನೂ, ನಾರಾಯಣಪೇಟೆ ಜಿಲ್ಲೆಯು ರಚಿತವಾದ ೨೦೧೯ನ್ನೂ ಬರೆಯಿರಿ. ಮೂರನೆಯದು: ಸಿ-ಡಿ-ಎಕ್ಸ್-ಎಲ್-ಐ-ವಿ ಎಂಬುದನ್ನು ಓದಿರಿ. ನಾಲ್ಕನೆಯದು: ವಿ-ಎಕ್ಸ್, ಎಕ್ಸ್-ಎಕ್ಸ್-ಎಕ್ಸ್-ಎಕ್ಸ್, ಐ-ಎಲ್ ಇವುಗಳಲ್ಲಿರುವ ತಪ್ಪೇನು, ಬರೆದವನ ಮನಸ್ಸಿನಲ್ಲಿದ್ದ ಸಂಖ್ಯೆ ಯಾವುದು, ಸರಿಯಾದ ರೂಪವೇನು? ಐದನೆಯದಕ್ಕೆ ಮನೆಯ ಹಿರಿಯರ ನೆರವು ಬೇಕು. ನಿಜಾಮರ ಕಾಲದ ಹೊಲದ ಕಾಗದಪತ್ರಗಳು ಮನೆಯ ಪೆಟ್ಟಿಗೆಯಲ್ಲಿದ್ದರೆ ಅವುಗಳ ಮೇಲೆ ಫಸಲಿ ವರ್ಷ ಇರುತ್ತದೆ. ಅದಕ್ಕೆ ೫೯೦ನ್ನು ಕೂಡಿದರೆ ಕ್ರಿಸ್ತವರ್ಷ ಸಾಧಾರಣವಾಗಿ ತಿಳಿಯುವುದು. ಫಸಲಿ ವರ್ಷದ ಆರಂಭ ಬೇರೆಯಾದುದರಿಂದ ಕೆಲವು ತಿಂಗಳುಗಳಲ್ಲಿ ಒಂದು ವರ್ಷದ ವ್ಯತ್ಯಾಸ ಬರಬಹುದು. ಕಾಗದವು ಫಸಲಿ ೧೩೪೯ರದಾಗಿದ್ದರೆ ಕ್ರಿಸ್ತವರ್ಷವನ್ನು ತಿಳಿದು ರೋಮನ್ ಅಂಕಿಗಳಲ್ಲಿ ಬರೆಯಿರಿ. ಆಮೇಲೆ ನಿಮ್ಮ ಮನೆಯ ಕಾಗದದ ವರ್ಷವನ್ನೂ ಹಾಗೆಯೇ ಬರೆಯಿರಿ.

ಉತ್ತರಗಳು: ಮೊದಲನೆಯದಕ್ಕೆ ಎಕ್ಸ್-ಎಕ್ಸ್-ಐ-ಎಕ್ಸ್, ಎಕ್ಸ್-ಎಕ್ಸ್-ಎಕ್ಸ್, ಸಿ-ಸಿ-ಸಿ-ಎಕ್ಸ್-ಎಲ್-ಐ-ಐ-ಐ. ಎರಡನೆಯದಕ್ಕೆ ಎಂ-ಎಂ-ಎಕ್ಸ್-ವಿ-ಐ; ಎಂ-ಎಂ-ಎಕ್ಸ್-ಐ-ಎಕ್ಸ್. ಮೂರನೆಯದಕ್ಕೆ ೪೪೪. ನಾಲ್ಕನೆಯದರಲ್ಲಿ ವಿ ಕಳೆಯಲು ಬಾರದುದರಿಂದ ಐದಕ್ಕೆ ವಿ ಎಂದಷ್ಟೇ ಸಾಕು. ಒಂದೇ ಅಕ್ಷರ ನಾಲ್ಕು ಸಲ ಬರಬಾರದುದರಿಂದ ನಲವತ್ತಕ್ಕೆ ಎಕ್ಸ್-ಎಲ್. ಸ್ಥಾನ ಬಿಡಿಸದೆ ಬರೆದ ನಲವತ್ತೊಂಬತ್ತಕ್ಕೆ ಎಕ್ಸ್-ಎಲ್-ಐ-ಎಕ್ಸ್. ಐದನೆಯದಕ್ಕೆ ೧೩೪೯ ಮತ್ತು ೫೯೦ ಕೂಡಿ ೧೯೩೯, ಅದು ಎಂ-ಸಿ-ಎಂ-ಎಕ್ಸ್-ಎಕ್ಸ್-ಎಕ್ಸ್-ಐ-ಎಕ್ಸ್.